ಎರೆಮಣ್ಣಿನ ಅಂಗಳದಲ್ಲಿ ತಂಗಡಿ: ಏಳು ಗಿಡ ಸತ್ತ ಮೇಲೆ ತಿಳಿದದ್ದು

ನಮ್ಮ ಮನೆ ಕಲಬುರಗಿ ನಗರದ ಹೊರಭಾಗದ ಬಡಾವಣೆಯಲ್ಲಿದೆ. ಬಡಾವಣೆ ಆಗುವ ಮುಂಚೆ ಇಲ್ಲಿ ತೊಗರಿ ಬೆಳೆಯುತ್ತಿದ್ದರು. ಮಣ್ಣು ಅಪ್ಪಟ ಎರೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಕಾಲಿನ ಚಪ್ಪಲಿ ಕಿತ್ತುಕೊಳ್ಳುತ್ತದೆ. ಪಶ್ಚಿಮದ ಕಾಂಪೌಂಡ್ ಗೋಡೆಗೆ ಹೊಂದಿಕೊಂಡು 30 ಅಡಿ ಉದ್ದ, 5 ಅಡಿ ಅಗಲದ ಪಟ್ಟಿಯೊಂದಿದೆ. ಮಧ್ಯಾಹ್ನದ ಬಿಸಿಲೆಲ್ಲ ಅದರ ಮೇಲೆಯೇ. ಅಲ್ಲಿ ಗುಲಾಬಿ ನೆಟ್ಟೆ, ಕ್ರೋಟನ್ ನೆಟ್ಟೆ, ಹುಲ್ಲುಹಾಸು ಹಾಸಿದೆ. 2022ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿತು. ತೋಟಕ್ಕೆಂದೇ ನಾಲ್ಕು ಟ್ಯಾಂಕರ್ ನೀರು ತರಿಸಿದೆ, ಒಂದಕ್ಕೆ 700 ರೂಪಾಯಿಯಂತೆ 2,800 ರೂಪಾಯಿ ಹೋಯಿತು. ಆದರೂ ಜೂನ್ ಹೊತ್ತಿಗೆ ಒಂದು ಗುಲಾಬಿಯೂ ಉಳಿಯಲಿಲ್ಲ.

ಅದೇ ಬೇಸಿಗೆಯಲ್ಲಿ ಶಹಾಬಾದ್ ರಸ್ತೆಯಲ್ಲಿ ಹೋಗುವಾಗಲೆಲ್ಲ ಕಲ್ಲುದಿಬ್ಬಗಳ ಮೇಲೆ ತಂಗಡಿ ಹಸಿರಾಗಿ ನಿಂತಿರುವುದು ಕಾಣುತ್ತಿತ್ತು. ಯಾರೂ ನೀರು ಹಾಕಿದ್ದಲ್ಲ. ಆಡುಗಳೂ ಅದನ್ನು ಬಿಟ್ಟು ಪಕ್ಕದ ಜಾಲಿಗೆ ಬಾಯಿ ಹಾಕುತ್ತಿದ್ದವು. ದಕ್ಷಿಣದ ಕಡೆಯವರು ಇದನ್ನು ಆವರಿಕೆ ಎನ್ನುತ್ತಾರೆ. ಗಡಿಯಾಚೆಯ ತೆಲಂಗಾಣದಲ್ಲಿ ಇದು ತಂಗೇಡು, ಆ ರಾಜ್ಯದ ಪುಷ್ಪ. ಬತುಕಮ್ಮ ಹಬ್ಬದ ಹೂಗೋಪುರ ಕಟ್ಟುವಾಗ ಈ ಹಳದಿ ಹೂವು ಬೇಕೇ ಬೇಕು. ನಮ್ಮವ್ವನ ತವರೂರಿನಲ್ಲಿ ಹೊಲದ ಬದುವಿನ ತುಂಬ ಇದೇ ಇತ್ತು. ಇಷ್ಟು ಹತ್ತಿರದ ಗಿಡವನ್ನು ಬಿಟ್ಟು ಎಲ್ಲಿಯದೋ ಗುಲಾಬಿಗೆ ದುಡ್ಡು ಸುರಿದೆನಲ್ಲ ಎಂದು ನಿಜಕ್ಕೂ ಸಂಕಟವಾಯಿತು.

2023 ಜನವರಿ 22: ಬೀಜ

ಒಣಗಿದ 31 ಕಾಯಿ ಕಿತ್ತು ತಂದೆ. ಕಾಯಿ ಚಪ್ಪಟೆ, ಕಂದು ಬಣ್ಣ, ಕಾಗದದಂತೆ ತೆಳು. ಬೀಜ ಕೂತಲ್ಲೆಲ್ಲ ಸ್ವಲ್ಪ ಉಬ್ಬಿರುತ್ತದೆ. ರಸ್ತೆ ಬದಿಯಲ್ಲಿ ಹಳದಿ ಹೂವಿನ ಗಿಡಗಳು ಹಲವು ಇರುವುದರಿಂದ ಗುರುತು ಖಚಿತ ಮಾಡಿಕೊಳ್ಳಬೇಕು. ಎಲೆಯ ತೊಟ್ಟು ರೆಂಬೆಗೆ ಸೇರುವ ಜಾಗದಲ್ಲಿ ಕಿವಿಯ ಆಕಾರದ ಪುಟ್ಟ ಎಲೆಗಳೆರಡು ಇರಬೇಕು. ಸೆನ್ನಾ ಆರಿಕ್ಯುಲೇಟಾ ಎಂಬ ಶಾಸ್ತ್ರೀಯ ಹೆಸರು ಬಂದದ್ದೂ ಆ ಕಿವಿಯಿಂದಲೇ.

ಬಿಡಿಸಿದಾಗ ಅರ್ಧದಷ್ಟು ಬೀಜಗಳಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತು. ಕಾಳು ಕೊರೆಯುವ ಹುಳು ಒಳಗಿನದನ್ನು ತಿಂದು ಹೋಗಿತ್ತು. ಅವನ್ನೆಲ್ಲ ತೆಗೆದು, ಉಳಿದವನ್ನು ನೀರಿಗೆ ಹಾಕಿ ತೇಲಿದವನ್ನೂ ಎಸೆದ ಮೇಲೆ 212 ಬೀಜ ದಕ್ಕಿದವು.

2023 ಫೆಬ್ರುವರಿ–ಮಾರ್ಚ್: ಮೊಳಕೆ, ಮೂರು ಸಲ

ಮೊದಲ ಸಲ 40 ಬೀಜಗಳನ್ನು ಹಾಗೆಯೇ ಪಾಲಿಥಿನ್ ಚೀಲಗಳಲ್ಲಿ ಊರಿದೆ. 25 ದಿನ ಕಾದೆ. ಹುಟ್ಟಿದ್ದು ಮೂರು. ಕೆದಕಿ ನೋಡಿದರೆ ಉಳಿದವು ಹಾಕಿದಂತೆಯೇ ಗಟ್ಟಿಯಾಗಿದ್ದವು. ಅಷ್ಟು ದಿನ ಒದ್ದೆ ಮಣ್ಣಿನಲ್ಲಿದ್ದರೂ ಒಳಗೆ ಹನಿ ನೀರು ಇಳಿದಿರಲಿಲ್ಲ.

ಎರಡನೆಯ ಸಲ ಬಿಸಿನೀರು. ಕುದಿಸಿ ಒಲೆಯಿಂದ ಇಳಿಸಿದ ನೀರಿಗೆ ಬೀಜ ಹಾಕಿ ಆರಲು ಬಿಡಬೇಕು. ನಾನು ಒಲೆಯ ಮೇಲಿದ್ದ ಪಾತ್ರೆಗೇ ಹಾಕಿ ಐದು ನಿಮಿಷ ಕುದಿಸಿದೆ. 40 ಬೀಜ ಬೆಂದು ಹೋದವು. ಒಂದೂ ಹುಟ್ಟಲಿಲ್ಲ.

ಮೂರನೆಯ ಸಲ ಸ್ಯಾಂಡ್‌ಪೇಪರ್. ಹಾರ್ಡ್‌ವೇರ್ ಅಂಗಡಿಯಲ್ಲಿ 80 ನಂಬರಿನದು 15 ರೂಪಾಯಿಗೆ ಸಿಕ್ಕಿತು. ಬೀಜದ ಕಣ್ಣು ಇರುವ ತುದಿ ಬಿಟ್ಟು, ಇನ್ನೊಂದು ಬದಿಯನ್ನು ಹತ್ತು ಹನ್ನೆರಡು ಸಲ ಉಜ್ಜಬೇಕು. ಹೊಳಪಿನ ಕಂದು ಸಿಪ್ಪೆ ಹೋಗಿ ಮಾಸಲು ಬಿಳಿಯ ಚುಕ್ಕಿ ಕಂಡ ಕೂಡಲೇ ನಿಲ್ಲಿಸಬೇಕು. ರಾತ್ರಿ ನೀರಿನಲ್ಲಿ ನೆನೆಹಾಕಿದೆ. ಒಂದು ಗಂಟೆ ಬಿಟ್ಟು ನೋಡಿದಾಗ ಉಜ್ಜಿದ ಜಾಗದ ಸುತ್ತ ಮಾತ್ರ ಸಿಪ್ಪೆ ಸುಕ್ಕುಗಟ್ಟಿತ್ತು, ನೀರಿನಲ್ಲಿ ಬಹಳ ಹೊತ್ತು ಇಟ್ಟ ಬೆರಳ ತುದಿಯ ಹಾಗೆ. ಬೆಳಿಗ್ಗೆ ಹೊತ್ತಿಗೆ ಸುಕ್ಕು ಬೀಜದ ತುಂಬ ಹರಡಿ, ಬೀಜವೇ ಎರಡು ಪಟ್ಟು ಊದಿತ್ತು. 30 ಬೀಜ ಊರಿದೆ. ಐದನೆಯ ದಿನದಿಂದ ಒಂಬತ್ತನೆಯ ದಿನದೊಳಗೆ 23 ಸಸಿ ಬಂದವು.

ಇಲ್ಲಿ ಮಾಡಿದ ತಪ್ಪು ಆಗ ಗೊತ್ತಾಗಲಿಲ್ಲ. ಚೀಲಗಳು 5 ಇಂಚು ಅಗಲ, 7 ಇಂಚು ಎತ್ತರದವು. ಸಸಿಗಳನ್ನು ಅವುಗಳಲ್ಲಿಯೇ ನಾಲ್ಕು ತಿಂಗಳು ಇಟ್ಟೆ. ತಂಗಡಿಯ ತಾಯಿಬೇರು ನೇರ ಕೆಳಗೆ ಇಳಿಯುವ ಜಾತಿ. ಮೇಲೆ ಸಸಿ ಗೇಣುದ್ದ ಇರುವಾಗಲೇ ಬೇರು ಚೀಲದ ತಳ ಮುಟ್ಟಿ ಸುರುಳಿ ಸುತ್ತಿತ್ತು. ಕೆಲವು ಚೀಲ ತೂತು ಮಾಡಿ ನೆಲಕ್ಕೇ ಇಳಿದಿದ್ದವು. ಎತ್ತುವಾಗ ಕೈಗೆ ಪಟ್ಟನೆ ಹರಿದದ್ದು ತಿಳಿಯುತ್ತಿತ್ತು.

2023 ಜುಲೈ 4: ಗುಂಡಿ ತೋಡಿ ನೆಟ್ಟದ್ದು

ಒಬ್ಬ ಆಳು, ಒಂದು ದಿನ, 700 ರೂಪಾಯಿ ಕೂಲಿ. ಹಾರೆ, ಗುದ್ದಲಿಯಿಂದ ಒಂದೂವರೆ ಅಡಿ ಉದ್ದ, ಅಗಲ, ಆಳದ ಒಂಬತ್ತು ಗುಂಡಿ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಮೂರಡಿ ಅಂತರ. ತೆಗೆದ ಎರೆಮಣ್ಣನ್ನು ಬದಿಗೆ ಹಾಕಿ, ಮೂರು ಪಾಲು ಕೆಂಪುಮಣ್ಣಿಗೆ ಒಂದು ಪಾಲು ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿದೆ. ಮಣ್ಣಿಗೂ ಗೊಬ್ಬರಕ್ಕೂ ಸೇರಿ 850 ರೂಪಾಯಿ. ಒಳ್ಳೆಯ ಒಂಬತ್ತು ಸಸಿ ಆರಿಸಿ ನೆಟ್ಟೆ, ಉಳಿದವನ್ನು ಕೇಳಿದವರಿಗೆ ಕೊಟ್ಟೆ. ಕೆಲಸ ಮುಗಿದ ಸಂಜೆ ತುಂಬ ಸಮಾಧಾನವಾಗಿತ್ತು.

2023 ಆಗಸ್ಟ್: ಸಾವು

ಜುಲೈ ಕೊನೆಯಲ್ಲಿ ಜಡಿಮಳೆ ಹಿಡಿಯಿತು. ಆಗಸ್ಟ್‌ನಲ್ಲಿ ಮಳೆ ಪೂರ್ತಿ ಕೈಕೊಟ್ಟಿತು. ಆಗಸ್ಟ್ ಎರಡನೆಯ ವಾರ ಕೆಳಗಿನ ಎಲೆಗಳು ಹಳದಿಯಾಗಿ ಉದುರತೊಡಗಿದವು. ಹೊರಗೆ ಸುಡುವ ಬಿಸಿಲು, ಪತ್ರಿಕೆಯಲ್ಲಿ ದಿನಾ ಬರದ ಸುದ್ದಿ. ಬಾಯಾರಿಕೆ ಎಂದುಕೊಂಡು ದಿನಕ್ಕೆ ಒಂದು ಕೊಡದಂತೆ ಪ್ರತಿ ಗಿಡಕ್ಕೂ ನೀರು ಹಾಕಿದೆ. ಎಲೆ ಉದುರುವುದು ಹೆಚ್ಚಾಯಿತು. ಸಂಜೆಗೂ ಒಂದು ಕೊಡ ಸೇರಿಸಿದೆ.

ಪಕ್ಕದ ಮನೆಯ ಕಾಕಾ ಸೇಡಂ ತಾಲ್ಲೂಕಿನವರು, ಜೀವಮಾನವೆಲ್ಲ ಎರೆಹೊಲ ಮಾಡಿದವರು. ಗೋಡೆಯಾಚೆಯಿಂದ ನಾಲ್ಕು ದಿನ ನೋಡಿ ಐದನೆಯ ದಿನ ಕೇಳಿದರು:

“ತಂಗಿ, ಇದಕ್ಕೇಕೆ ಇಷ್ಟು ನೀರು?”

“ಒಣಗುತ್ತಿವೆ ಕಾಕಾ. ಎಲೆ ನೋಡಿ, ಹೇಗಾಗಿವೆ.”

“ಬಾಯಾರಿದ ಗಿಡದ ಎಲೆ ಮೊದಲು ಬಾಡುತ್ತದೆ, ಆಮೇಲೆ ಹಳದಿಯಾಗುತ್ತದೆ. ಇದು ಬಾಡಿಯೇ ಇಲ್ಲ. ಒಂದನ್ನು ಕಿತ್ತು ಬೇರಿನ ವಾಸನೆ ನೋಡು.”

ಕಿತ್ತೆ. ಹಿಡಿದು ಎಳೆದ ಕೂಡಲೇ ಸಲೀಸಾಗಿ ಬಂತು, ಹಿಡಿತವೇ ಇರಲಿಲ್ಲ. ಬೇರು ಕಪ್ಪಾಗಿತ್ತು. ಎರಡು ಬೆರಳಿನ ನಡುವೆ ಹಿಡಿದು ಜಾರಿಸಿದರೆ ಮೇಲಿನ ಸಿಪ್ಪೆ ಚೀಲದಂತೆ ಕಳಚಿ ಬಂದು, ಒಳಗಿನ ದಾರದಂಥ ನಾರು ಮಾತ್ರ ಉಳಿಯಿತು. ಕಟ್ಟಿಕೊಂಡ ಚರಂಡಿಯ ವಾಸನೆ. ಕಿತ್ತ ಗುಂಡಿಯ ತಳದಲ್ಲಿ ಬೆರಳುದ್ದ ನೀರು ನಿಂತಿತ್ತು. ಮೂರು ವಾರದಿಂದ ಮಳೆಯಿಲ್ಲದ ನೆಲದಲ್ಲಿ ನಾನೇ ಕೆರೆ ಕಟ್ಟಿದ್ದೆ.

ಸೆಪ್ಟೆಂಬರ್ ಹೊತ್ತಿಗೆ ಒಂಬತ್ತರಲ್ಲಿ ಏಳು ಸತ್ತವು. ಏಳರ ಬೇರಿನಲ್ಲೂ ಚೀಲದ ಸುರುಳಿ ಹಾಗೆಯೇ ಇತ್ತು, ಒಂದೂ ಗುಂಡಿಯ ಅಂಚು ದಾಟಿರಲಿಲ್ಲ.

2023 ಅಕ್ಟೋಬರ್ 15: ನೀರು ಇಂಗುವ ಪರೀಕ್ಷೆ

ಉಳಿದ ಎರಡು ಗಿಡಗಳು ಗೇಟಿನ ಕಡೆಯ ತುದಿಯವು. ಅದೇ ಬೀಜ, ಅದೇ ದಿನ ನೆಟ್ಟದ್ದು, ಅದೇ ನೀರು. ಏಕೆ ಉಳಿದವು ಎಂಬುದು ತಿಳಿಯದೆ ಇನ್ನೊಂದು ಬೀಜ ಊರುವುದಿಲ್ಲ ಎಂದು ನಿರ್ಧರಿಸಿದೆ.

ಪಟ್ಟಿಯ ನಡುವೆ ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿದೆ. ಇಪ್ಪತ್ತು ನಿಮಿಷದಲ್ಲಿ ಖಾಲಿ. ಇದನ್ನೇ ನಂಬಿದ್ದರೆ ಮತ್ತೆ ಮೋಸ ಹೋಗುತ್ತಿದ್ದೆ. ಎರೆಮಣ್ಣು ಒಣಗಿದ್ದಾಗ ನೀರು ಮಣ್ಣಿನಲ್ಲಿ ಇಂಗುವುದಿಲ್ಲ, ಬಿರುಕಿನಲ್ಲಿ ಓಡಿಹೋಗುತ್ತದೆ. ನೆನೆದು ಉಬ್ಬಿ ಬಿರುಕು ಮುಚ್ಚಿಕೊಂಡ ಮೇಲೆಯೇ ಅದರ ನಿಜ ಗುಣ ಕಾಣುವುದು. ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಮತ್ತೆ ತುಂಬಿ, ಕಡ್ಡಿ ನೆಟ್ಟು ಗುರುತು ಹಾಕಿದೆ. 24 ಗಂಟೆ ಕಳೆದರೂ ಇಳಿದದ್ದು ಎರಡೇ ಇಂಚು. ಗೇಟಿನ ತುದಿಯಲ್ಲಿ ಇದೇ ರೀತಿ ಎರಡನೆಯ ಸಲ ತುಂಬಿದ ನೀರು ಎರಡು ಗಂಟೆಯೊಳಗೆ ಇಂಗಿತು. ಅಲ್ಲಿ ತೋಡುವಾಗ ಗುದ್ದಲಿಗೆ ಇಟ್ಟಿಗೆ ಚೂರು, ಮುರುಮ್ ಎನ್ನುವ ಗರಸು ಮಣ್ಣು, ಕಾಂಕ್ರೀಟ್ ಹೆಂಟೆ ಸಿಕ್ಕವು. ಮನೆ ಕಟ್ಟುವಾಗ ಮೇಸ್ತ್ರಿ ಉಳಿದದ್ದನ್ನೆಲ್ಲ ಅಲ್ಲಿ ಸುರಿದಿದ್ದ. ಕಸ ಸುರಿದನೆಂದು ಆಗ ಅವನ ಮೇಲೆ ಕೂಗಾಡಿದ್ದೆ. ಆ ಕಸದ ಮೇಲೆ ನಿಂತ ಗಿಡಗಳೇ ಬದುಕಿದ್ದವು.

ಉಳಿದ ಏಳು ಗುಂಡಿಗಳದು ಮಣ್ಣಿನ ಮಡಕೆಯ ಕಥೆ. ಸುತ್ತ ನೀರು ಬಿಡದ ಎರೆ, ಒಳಗೆ ಸಡಿಲ ಕೆಂಪುಮಣ್ಣು. ಅಕ್ಕಪಕ್ಕದ ನೀರೂ ಹರಿದು ಬಂದು ಅದರಲ್ಲೇ ತುಂಬುತ್ತಿತ್ತು.

2024 ಏಪ್ರಿಲ್–ಮೇ: ಗುಂಡಿಯ ಬದಲು ದಿಬ್ಬ

ಗೇಟಿನ ಕಡೆಯ ಎಂಟು ಅಡಿ ಬಿಟ್ಟು, ಉಳಿದ 22 ಅಡಿ ಉದ್ದಕ್ಕೆ ದಿಬ್ಬ ಹಾಕಿದೆ. ಬುಡದಲ್ಲಿ 4 ಅಡಿ ಅಗಲ, ನೆತ್ತಿಯಲ್ಲಿ 2 ಅಡಿ, ಎತ್ತರ 15 ಇಂಚು. ಲೆಕ್ಕ ಹಾಕಿದರೆ 82 ಘನ ಅಡಿ ಮಣ್ಣು ಬೇಕು. ಎರಡು ಪಾಲು ಮುರುಮ್, ಒಂದು ಪಾಲು ಅಲ್ಲಿಯದೇ ಎರೆಮಣ್ಣು. ಗೊಬ್ಬರ ಹಾಕಲಿಲ್ಲ. ಎರೆಯನ್ನು ಪೂರ್ತಿ ಬಿಡದೆ ಬೆರೆಸಿದ್ದು ಬೇಸಿಗೆಯಲ್ಲಿ ಸ್ವಲ್ಪವಾದರೂ ತೇವ ಹಿಡಿದಿರಲಿ ಎಂದು. ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಒಂದು ಬ್ರಾಸ್, ಅಂದರೆ 100 ಘನ ಅಡಿ ಮುರುಮ್ ತರಿಸಿದೆ, 2,200 ರೂಪಾಯಿ. ಬೇಕಿದ್ದದ್ದು 55 ಘನ ಅಡಿ. ಅರ್ಧ ಟ್ರಾಲಿ ಯಾರೂ ತರುವುದಿಲ್ಲವಾದ್ದರಿಂದ ಉಳಿದದ್ದನ್ನು ನಡೆಯುವ ದಾರಿಗೆ ಹಾಸಿದೆ.

ಕೆಲಸದ ಕ್ರಮ ಹೀಗಿತ್ತು. ಮೊದಲು ಹಳೆಯ ಗುಂಡಿಗಳ ಕೆಂಪುಮಣ್ಣು ತೆಗೆದು, ಎರೆಮಣ್ಣನ್ನೇ ಮರಳಿ ತುಂಬಿ ತುಳಿದು ಗಟ್ಟಿ ಮಾಡಿದೆವು. ಇಲ್ಲದಿದ್ದರೆ ದಿಬ್ಬದ ಕೆಳಗೆ ಮಡಕೆಗಳು ಹಾಗೆಯೇ ಉಳಿಯುತ್ತವೆ. ಆಮೇಲೆ ನೆಲದ ಮೇಲಿನ ಆರು ಇಂಚನ್ನು ಗುದ್ದಲಿಯಿಂದ ಅಗೆದು ಸಡಿಲಿಸಿದೆವು. ಅದರ ಮೇಲೆ ಬೆರೆಸಿದ ಮಣ್ಣು. ತುಳಿಯಲಿಲ್ಲ, ಬಡಿಯಲಿಲ್ಲ. ದಾರಿಯ ಕಡೆ ಮಣ್ಣು ಜಾರದಂತೆ ಶಹಾಬಾದ್ ಕಲ್ಲಿನ ತುಂಡುಗಳನ್ನು ನಿಲ್ಲಿಸಿ ನೆಟ್ಟೆವು. ಕಲ್ಲಿನ ಅಡ್ಡೆಯಲ್ಲಿ ಒಡೆದ ತುಂಡುಗಳು 600 ರೂಪಾಯಿಗೆ ಸಿಕ್ಕವು. ಇಬ್ಬರು ಆಳುಗಳ ಒಂದು ದಿನದ ಕೂಲಿ 1,400.

ಎರಡು ತಪ್ಪುಗಳಾದವು. ಮೊದಲನೆಯದು, ದಿಬ್ಬವನ್ನು ಕಾಂಪೌಂಡ್ ಗೋಡೆಗೆ ತಾಗಿಸಿಯೇ ಹಾಕಿಸಿದೆ. ಮೇ ತಿಂಗಳ ಒಂದೇ ಮಳೆಗೆ ಗೋಡೆಯ ಪ್ಲಾಸ್ಟರ್ ಒದ್ದೆ ಹಿಡಿದು ಆಚೆ ಕಾಕಾ ಅವರ ಕಡೆಗೂ ಕಲೆ ಕಂಡಿತು. ಅವರೇನೂ ಅನ್ನಲಿಲ್ಲ, ನನಗೇ ಸಂಕೋಚವಾಗಿ ಎರಡು ದಿನ ಸಲಿಕೆ ಹಿಡಿದು ಪೂರ್ತಿ ದಿಬ್ಬವನ್ನು ಒಂದು ಅಡಿ ಈಚೆಗೆ ಸರಿಸಿದೆ. ಆ ಒಂದು ಅಡಿಯ ಸಂದೇ ಈಗ ನೀರು ಹರಿದುಹೋಗುವ ಕಾಲುವೆ. ಎರಡನೆಯದು, ಮಣ್ಣು ಕುಗ್ಗುವುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಎರಡು ಮಳೆಗೆ ಮೂರು ಇಂಚು ಕುಗ್ಗಿ 12 ಇಂಚು ಉಳಿಯಿತು. ಅಷ್ಟು ಸಾಕಾಯಿತು, ಆದರೆ ಮತ್ತೆ ಮಾಡುವುದಾದರೆ ಒಂದೂವರೆ ಅಡಿ ಏರಿಸುತ್ತೇನೆ.

2024 ಜೂನ್ 12: ನೇರ ಬಿತ್ತನೆ

ಮಿರಗದ ಮಳೆ ಬಿದ್ದು ದಿಬ್ಬ ಗೇಣು ಆಳ ನೆನೆದ ಮೇಲೆ ಬಿತ್ತಿದೆ. ಚೀಲದ ಸಹವಾಸ ಬೇಡ, ಬೇರು ಹುಟ್ಟಿದ ಜಾಗದಲ್ಲೇ ಇಳಿಯಲಿ ಎಂದು. ಎರಡೂ ತುದಿಯಲ್ಲಿ ಮೂರು ಅಡಿ ಬಿಟ್ಟು, ನಾಲ್ಕು ನಾಲ್ಕು ಅಡಿಗೆ ಒಂದರಂತೆ ಐದು ಜಾಗ. ಡಬ್ಬಿಯಲ್ಲಿಟ್ಟಿದ್ದ ಹಿಂದಿನ ವರ್ಷದ ಬೀಜವನ್ನೇ ಸ್ಯಾಂಡ್‌ಪೇಪರಿಗೆ ಉಜ್ಜಿ ನೆನೆಸಿ, ಜಾಗಕ್ಕೆ ಮೂರರಂತೆ, ಉಗುರಿನಷ್ಟು ಆಳಕ್ಕೆ ಊರಿದೆ. 15ರಲ್ಲಿ 13 ಹುಟ್ಟಿದವು.

ನಾಲ್ಕನೆಯ ಜಾಗದ ಮೂರನ್ನೂ ಕೋಳಿ ಕೆದರಿತು. ಮತ್ತೆ ಬಿತ್ತಿ ಸುತ್ತ ಜಾಲಿಮುಳ್ಳು ಚುಚ್ಚಿದೆ. ಆ ಗಿಡ ಈಗಲೂ ಉಳಿದವುಗಳಿಗಿಂತ ಗಿಡ್ಡ.

ಜುಲೈ 20ಕ್ಕೆ ಜಾಗಕ್ಕೊಂದು ಸಸಿ ಉಳಿಸಿ ಮಿಕ್ಕವನ್ನು ಕತ್ತರಿಯಿಂದ ಕತ್ತರಿಸಿದೆ. ಕೀಳಬಾರದು, ಪಕ್ಕದ ಬೇರು ಅಲುಗುತ್ತದೆ. ಮಳೆಗಾಲದ ನಡುವೆ ಒಮ್ಮೆ 12 ದಿನ ಮಳೆ ಬಾರದಿದ್ದಾಗ ಒಂದೊಂದಕ್ಕೆ ಎರಡು ಲೀಟರ್ ಕೊಟ್ಟೆ. ಚಳಿಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಐದು ಲೀಟರ್, ಅದೂ ಜನವರಿಯವರೆಗೆ ಮಾತ್ರ.

2024 ಸೆಪ್ಟೆಂಬರ್: ಹುಳು

ಗೇಟಿನ ಕಡೆಯ ದೊಡ್ಡ ಗಿಡದ ತುಂಬ ಹಸಿರು ಕಂಬಳಿಹುಳು. ಮೈ ನುಣುಪು, ಪಕ್ಕೆಯಲ್ಲಿ ಬಿಳಿ ಗೆರೆ. ಗಾಬರಿಯಾಗಿ 180 ರೂಪಾಯಿ ಕೊಟ್ಟು ಬೇವಿನ ಎಣ್ಣೆ ತಂದು, ಪಾತ್ರೆ ತೊಳೆಯುವ ಸೋಪಿನ ದ್ರವ ಬೆರೆಸಿ ಬೆಳಿಗ್ಗೆ 11 ಗಂಟೆಗೆ ಸಿಂಪಡಿಸಿದೆ. ಹುಳು ಹೋದವು, ಆದರೆ ಬಿಸಿಲಿಗೆ ಎಲೆಗಳೂ ಸುಟ್ಟು ಕಂದಾದವು. ಹುಳು ತಿಂದದ್ದಕ್ಕಿಂತ ನಾನು ಸುಟ್ಟದ್ದೇ ಹೆಚ್ಚು. ಅವು ಕ್ಯಾಟೊಪ್ಸಿಲಿಯಾ ಜಾತಿಯ ಮಾಸಲು ಬಿಳಿ ಚಿಟ್ಟೆಯ ಮರಿಗಳೆಂದು ಆಮೇಲೆ ತಿಳಿಯಿತು. ತಂಗಡಿ ಮತ್ತು ಅದರ ಬಂಧುಗಳ ಎಲೆಯೇ ಅವುಗಳ ಊಟ. ಮುಂದಿನ ತಿಂಗಳು ಎರಡನೆಯ ಗಿಡಕ್ಕೆ ಬಂದಾಗ ಕೈ ಕಟ್ಟಿ ನಿಂತೆ. ಅರ್ಧ ಎಲೆ ತಿಂದವು. ಮೂರು ವಾರದಲ್ಲಿ ಹೊಸ ಎಲೆ ತುಂಬಿಕೊಂಡಿತು. ಈಗ ಸಿಂಪಡಿಸುವ ಡಬ್ಬಿ ಅಟ್ಟ ಸೇರಿದೆ.

2025 ಮಾರ್ಚ್–ಮೇ: ಬೇಸಿಗೆ

ದಿಬ್ಬದ ಐದು ಗಿಡಗಳಿಗೆ ಇಡೀ ಬೇಸಿಗೆಯಲ್ಲಿ ಮೂರೇ ಸಲ ನೀರು: ಮಾರ್ಚ್ 10, ಏಪ್ರಿಲ್ 5, ಮೇ 1. ಒಂದಕ್ಕೆ ಐದು ಲೀಟರ್, ಒಟ್ಟು 75 ಲೀಟರ್. ಗೇಟಿನ ಎರಡಕ್ಕೆ ಹನಿಯನ್ನೂ ಕೊಡಲಿಲ್ಲ. ಮೇ ನಡುವಿನ ಹೊತ್ತಿಗೆ ದಿಬ್ಬದ ಗಿಡಗಳು ಅರ್ಧ ಎಲೆ ಉದುರಿಸಿದವು. ಕೊಡ ಎತ್ತಿಕೊಂಡು ಎರಡು ಸಲ ಅಂಗಳಕ್ಕೆ ಬಂದು ಎರಡು ಸಲವೂ ಹಿಂದಿರುಗಿದೆ. ಉಗುರಿನಿಂದ ಕಾಂಡವನ್ನು ಒಂದು ಕಡೆ ಕೆರೆದು ನೋಡಿದೆ. ಕಂದು ತೊಗಟೆಯ ಅಡಿಯಲ್ಲಿ ಎಳೆಸೌತೆಯಂಥ ಹಸಿರು, ಮುಟ್ಟಿದರೆ ತೇವ. ಜೀವ ಇದೆ ಎಂದು ಬಿಟ್ಟೆ. ಆ ಬೇಸಿಗೆಯಲ್ಲಿ ತೋಟಕ್ಕೆಂದು ಟ್ಯಾಂಕರ್ ತರಿಸಲಿಲ್ಲ.

2025 ಸೆಪ್ಟೆಂಬರ್–ಅಕ್ಟೋಬರ್

ನಾನು ಹೆದರಿದ್ದು ಬರಕ್ಕೆ, ಬಂದದ್ದು ಮಳೆ. ಸೆಪ್ಟೆಂಬರ್‌ನಲ್ಲಿ ಭೀಮೆ ಉಕ್ಕಿ ಜಿಲ್ಲೆಯಲ್ಲಿ ಹೊಲಗಳೆಲ್ಲ ಮುಳುಗಿದವು. ತೊಗರಿ ಕಳೆದುಕೊಂಡವರ ಎದುರು ನನ್ನ ಅಂಗಳದ ಮಾತು ಎತ್ತಲೂ ಮನಸ್ಸಾಗುತ್ತಿರಲಿಲ್ಲ. ನಮ್ಮ ಪಟ್ಟಿಯ ತಗ್ಗಿನಲ್ಲಿ ನಾಲ್ಕು ದಿನ ಪಾದ ಮುಳುಗುವಷ್ಟು ನೀರು ನಿಂತಿತು. ದಿಬ್ಬದ ನೆತ್ತಿ ಮಾತ್ರ ಮೇಲಿತ್ತು. ಐದನೆಯ ದಿನ ಮೂರನೆಯ ಗಿಡದ ಪಕ್ಕ ಬೆರಳಿನಿಂದ ಮಣ್ಣು ಬಗೆದು ಒಂದು ಎಳೆಬೇರು ತೆಗೆದು ಮೂಸಿದೆ. ಹಸಿಮಣ್ಣಿನ ವಾಸನೆ, ಬೇರು ಬೆಳ್ಳಗೆ. ಒಂದೂ ಸಾಯಲಿಲ್ಲ.

ಅಕ್ಟೋಬರ್ ಮೊದಲ ವಾರ ಏಳೂ ಗಿಡಗಳಲ್ಲಿ ಹೂವು. ಗೇಟಿನವು ಆರು ಅಡಿ ಎತ್ತರ, ದಿಬ್ಬದವು ನಾಲ್ಕರ ಆಸುಪಾಸು. ರೆಂಬೆಯ ತುದಿಯಲ್ಲಿ ಗೊಂಚಲು. ಐದು ಎಸಳು, ಅಂಚಿನಲ್ಲಿ ಸುಕ್ಕು, ಒಳಗೆ ಕಿತ್ತಳೆ ಗೆರೆಗಳು. ಬೆಳಿಗ್ಗೆ ಏಳರ ಹೊತ್ತಿಗೆ ದಪ್ಪ ಕಪ್ಪು ದುಂಬಿಗಳು ಬರುತ್ತವೆ, ಮರ ಕೊರೆದು ಗೂಡು ಮಾಡುವ ಜಾತಿ. ಈ ಹೂವಿನ ಪರಾಗಕೋಶ ಬಿರಿಯುವುದಿಲ್ಲ, ತುದಿಯಲ್ಲಿ ಸಣ್ಣ ರಂಧ್ರವಷ್ಟೇ ಇರುತ್ತದೆ. ದುಂಬಿ ಬಾಗಿದ ಉದ್ದನೆಯ ಕೇಸರಗಳನ್ನು ಅಪ್ಪಿ ಹಿಡಿದು ಮೈ ನಡುಗಿಸುತ್ತದೆ. ಹಾರುವಾಗಿನ ದಪ್ಪ ಗುಂಯ್‌ಗುಡುವಿಕೆ ಆ ಕ್ಷಣ ತೆಳುವಾಗಿ, ಚೂಪಾಗಿ ಬದಲಾಗುತ್ತದೆ, ಪರಾಗ ಪುಡಿಯಾಗಿ ಅದರ ಹೊಟ್ಟೆಗೆ ಉದುರುತ್ತದೆ. ಒಂದು ಹೂವಿಗೆ ಎರಡು ಮೂರು ಸೆಕೆಂಡು. ಚಹಾದ ಲೋಟ ಹಿಡಿದು ಕೂತರೆ ಏಳಲು ಮನಸ್ಸಾಗುವುದಿಲ್ಲ. ಹೂವು ನೋಡಲು ಬಂದ ಅವ್ವ ಒಂದು ಗೊಂಚಲು ಮುರಿದು ದೇವರ ಕೋಣೆಗೆ ಒಯ್ದಳು.

ಖರ್ಚು

ಕೆಟ್ಟ ಮೊದಲ ಪ್ರಯತ್ನ: ಪಾಲಿಥಿನ್ ಚೀಲ 100, ಮಣ್ಣು–ಗೊಬ್ಬರ 850, ಕೂಲಿ 700. ಒಟ್ಟು 1,650 ರೂಪಾಯಿ.
ದಿಬ್ಬ: ಮುರುಮ್ 2,200, ಕಲ್ಲು 600, ಕೂಲಿ 1,400, ಸ್ಯಾಂಡ್‌ಪೇಪರ್ 15. ಒಟ್ಟು 4,215 ರೂಪಾಯಿ.
ಬೇವಿನ ಎಣ್ಣೆ: 180 ರೂಪಾಯಿ.
ಎಲ್ಲ ಸೇರಿ 6,045 ರೂಪಾಯಿ.

ಬಾಕಿ ಕೆಲಸ

ಗೇಟಿನ ಗಿಡಗಳು ಬುಡದಲ್ಲಿ ಬೋಳಾಗಿ ಮೇಲೆ ಮಾತ್ರ ಹರಡಿವೆ, ಒಂದು ದಾರಿಗೆ ಬಾಗಿದೆ. ಹೂವು ರೆಂಬೆಯ ತುದಿಯಲ್ಲೇ ಬರುವುದರಿಂದ ಈಗ ಕತ್ತರಿ ಹಾಕುವಂತಿಲ್ಲ. ಜನವರಿಯಲ್ಲಿ ಕಾಯಿ ಒಣಗಿದ ಮೇಲೆ ಎರಡನ್ನೂ ಒಂದೂವರೆ ಅಡಿಗೆ ಕತ್ತರಿಸಬೇಕು. ಹಿಂದೆ ಚರ್ಮ ಹದ ಮಾಡಲು ತೊಗಟೆಗಾಗಿ ಇದನ್ನು ಕಡಿಯುತ್ತಿದ್ದರು, ಕಡಿದ ಬುಡ ಮತ್ತೆ ಚಿಗುರುತ್ತಿತ್ತು. ಆದ್ದರಿಂದ ಧೈರ್ಯವಿದೆ. ಕಾಕಾ ತಮ್ಮ ಗೋಡೆಯ ಬದಿಗೂ ಮೂರು ಗಿಡ ಬೇಕೆಂದು ಕೇಳಿದ್ದಾರೆ. ಉಳಿದ ಮುರುಮ್ ಅಷ್ಟನ್ನೂ ದಾರಿಗೆ ಹಾಸಿಬಿಟ್ಟಿದ್ದೇನೆ, ಅವರ ದಿಬ್ಬಕ್ಕೆ ಹೊಸದಾಗಿ ಒಂದು ಟ್ರಾಲಿ ಹೇಳಬೇಕು. ಈ ಸಲ ಗೋಡೆಯಿಂದ ಒಂದು ಅಡಿ ಬಿಟ್ಟೇ ಸುರಿಸುತ್ತೇನೆ.